ಟರ್ನರ್ ಬೇಡ, ಕಾಟ್‌ಮನ್‌ನಿಂದ ಶುರು ಮಾಡಿ: ‘ಗ್ರೆಟಾ ಸೇತುವೆ’ ಜಲವರ್ಣವನ್ನು ನಕಲು ಮಾಡುವ ಬಗೆ

“ಟರ್ನರ್ ತರಹ ಇಂಗ್ಲೆಂಡಿನ ಹಳ್ಳಿಗಾಡು ಬಿಡಿಸೋಕೆ ಹೋದ್ರೆ ಬಣ್ಣವೆಲ್ಲ ಕೆಸರಾಗುತ್ತೆ, ಏನು ಮಾಡ್ಲಿ?” ಜಲವರ್ಣ ಕಲಿಯುತ್ತಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಚಿಕ್ಕದು. ಟರ್ನರ್‌ನಿಂದ ಶುರು ಮಾಡಬೇಡಿ. ಸುಮಾರು ಇನ್ನೂರು ವರ್ಷದ ಹಿಂದಿನ ಈ ಹೆಸರಾಂತ ಇಂಗ್ಲಿಷ್ ಚಿತ್ರಕಾರ ಹಾಳೆಯನ್ನು ನೆನೆಸುತ್ತಿದ್ದ, ಉಜ್ಜುತ್ತಿದ್ದ, ಉಗುರಿನಿಂದ ಕೆರೆಯುತ್ತಿದ್ದ. ಮುಗಿದ ಚಿತ್ರ ನೋಡಿದರೆ ಯಾವುದು ಮೊದಲು ಮಾಡಿದ್ದು, ಯಾವುದು ಆಮೇಲೆ ಅಂತ ಗೊತ್ತೇ ಆಗುವುದಿಲ್ಲ. ಗೊತ್ತಾಗದ್ದನ್ನು ನಕಲು ಮಾಡುವುದು ಹೇಗೆ?

ಅದೇ ಕಾಲದ, ಅದೇ ದೇಶದ ಚಿತ್ರಕಾರ ಜಾನ್ ಸೆಲ್ ಕಾಟ್‌ಮನ್‌ನನ್ನು ತೆಗೆದುಕೊಳ್ಳಿ. ಹುಟ್ಟಿದ್ದು 1782ರಲ್ಲಿ, ನಾರಿಚ್ ಊರಿನಲ್ಲಿ. 1805ರ ಬೇಸಿಗೆಯಲ್ಲಿ ಯಾರ್ಕ್‌ಶೈರಿನ ಉತ್ತರಕ್ಕೆ ಹೋಗಿ, ಗ್ರೆಟಾ ಎಂಬ ಚಿಕ್ಕ ನದಿಯ ಪಕ್ಕದ ರೋಕ್‌ಬಿ ಎಸ್ಟೇಟಿನಲ್ಲಿ ಕೆಲವು ವಾರ ಉಳಿದ. ಆಗ ವಯಸ್ಸು 23. ಆ ಸುತ್ತಿನಿಂದ ಹುಟ್ಟಿದ ‘ಗ್ರೆಟಾ ಸೇತುವೆ’ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅಳತೆ ಸುಮಾರು 23 × 33 ಸೆಂ.ಮೀ., ಅಂದರೆ ಎ4 ಹಾಳೆಗಿಂತ ತುಸು ದೊಡ್ಡದು. ಒಂದೇ ಕಮಾನಿನ ಕಲ್ಲಿನ ಸೇತುವೆ, ಅದರಾಚೆ ಒಂದು ಮನೆ, ಕಪ್ಪಗೆ ನಿಂತ ಮರಗಳು, ಮೋಡ, ಮುಂದೆ ಬಂಡೆಗಳ ನಡುವೆ ಅಲುಗಾಡದ ನೀರು. ಅಷ್ಟೇ.

ಇದನ್ನೇ ಯಾಕೆ ಆರಿಸಿದೆ ಅಂದರೆ, ಈ ಚಿತ್ರದಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಒಂದು ಬಣ್ಣದ ಮೇಲೆ ಇನ್ನೊಂದು ಎಲ್ಲಿ ಕೂತಿದೆ ಅನ್ನುವುದು ಬರಿಗಣ್ಣಿಗೆ ಕಾಣುತ್ತದೆ. ಪದರಗಳನ್ನು ಎಣಿಸಬಹುದು. ಬಣ್ಣ ಹಚ್ಚಿ ಸುಮ್ಮನೆ ಬಿಟ್ಟುಬಿಡುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಚಿತ್ರ ನನಗಂತೂ ಬೇರೆ ಗೊತ್ತಿಲ್ಲ.

“ನಕಲು ಮಾಡೋದು ಕದ್ದ ಹಾಗಲ್ವಾ?” ಅಂತಲೂ ಕೆಲವರು ಕೇಳುತ್ತಾರೆ. ಆ ಕಾಲದವರು ಕಲಿತದ್ದೇ ಹಾಗೆ. 1790ರ ದಶಕದಲ್ಲಿ ಟರ್ನರ್ ಮತ್ತು ಅವನ ಓರಗೆಯ ಜಲವರ್ಣ ಚಿತ್ರಕಾರ ಥಾಮಸ್ ಗರ್ಟಿನ್ ಇಬ್ಬರೂ ಸಂಜೆ ಹೊತ್ತು ಲಂಡನ್ನಿನ ಡಾಕ್ಟರ್ ಥಾಮಸ್ ಮನ್ರೋ ಮನೆಯಲ್ಲಿ ಕೂತು ಹಿರಿಯರ ಚಿತ್ರಗಳನ್ನು ನಕಲು ಮಾಡುತ್ತಿದ್ದರು. ಗರ್ಟಿನ್ ರೇಖೆ ಎಳೆಯುತ್ತಿದ್ದ, ಟರ್ನರ್ ಬಣ್ಣ ಹಚ್ಚುತ್ತಿದ್ದ. ಕಾಟ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1809ರಲ್ಲಿ ನಾರಿಚ್‌ನಲ್ಲಿ ತನ್ನ ಚಿತ್ರಗಳದ್ದೇ ಒಂದು ಲೈಬ್ರರಿ ತೆರೆದ. ಚಂದಾ ಕಟ್ಟಿ ಚಿತ್ರ ಮನೆಗೆ ಒಯ್ದು, ನಕಲು ಮಾಡಿ, ವಾಪಸ್ ಕೊಡಬೇಕು. ಹಾಗಾಗಿ ಅಳುಕು ಬೇಡ.

ಏನೇನು ಬೇಕು

ಕಾಗದ: ದುಡ್ಡು ಉಳಿಸಬೇಕು ಅಂದರೆ ಬಣ್ಣದಲ್ಲಿ ಉಳಿಸಿ, ಕಾಗದದಲ್ಲಿ ಬೇಡ. ನೂರಕ್ಕೆ ನೂರು ಹತ್ತಿಯ, 300 ಜಿ.ಎಸ್.ಎಂ. ತೂಕದ, ‘ಕೋಲ್ಡ್ ಪ್ರೆಸ್’ ಕಾಗದ ತನ್ನಿ. ಜಿ.ಎಸ್.ಎಂ. ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಕೋಲ್ಡ್ ಪ್ರೆಸ್ ಅಂದರೆ ಮೇಲ್ಮೈ ಸ್ವಲ್ಪ ತರಿತರಿ ಇರುವಂಥದ್ದು. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿಬಟ್ಟೆಯ ಚೂರುಗಳಿಂದ ಕೈಯಲ್ಲೇ ತಯಾರಾಗುವ ಕಾಗದವನ್ನು ಇಂಗ್ಲೆಂಡಿನ ಚಿತ್ರಕಾರರು ತರಿಸಿಕೊಂಡು ಬಳಸುತ್ತಾರೆ. ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ!

ಕೊಳ್ಳುವಾಗ ‘ಸೈಜಿಂಗ್’ ಪರೀಕ್ಷೆ ಮಾಡಿ. ಬಣ್ಣ ಹಾಳೆಯೊಳಗೆ ಇಂಗಿಹೋಗದಂತೆ ಕಾಗದಕ್ಕೆ ಹಾಕುವ ತೆಳು ಅಂಟಿಗೆ ಸೈಜಿಂಗ್ ಅನ್ನುತ್ತಾರೆ. ಮೂಲೆಯಲ್ಲಿ ಒಂದು ಹನಿ ನೀರು ಇಡಿ. ಹನಿ ಮೇಲೆಯೇ ನಿಂತರೆ ಸರಿ. ತಕ್ಷಣ ಇಂಗಿ ಕಪ್ಪು ಮಚ್ಚೆಯಾದರೆ ಆ ಹಾಳೆ ಈ ಕೆಲಸಕ್ಕೆ ಬರುವುದಿಲ್ಲ. ಕರಾವಳಿ, ಮಲೆನಾಡಿನವರು ಜಾಸ್ತಿ ಎಚ್ಚರ ವಹಿಸಬೇಕು. ಮಳೆಗಾಲದ ತೇವಕ್ಕೆ ಸೈಜಿಂಗ್ ಹಾಳಾಗುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ.

ಬಣ್ಣ: ಆರು ಸಾಕು. ಯೆಲ್ಲೋ ಓಕರ್ (ಮಣ್ಣಿನ ಹಳದಿ), ಗ್ಯಾಂಬೋಜ್ ಹ್ಯೂ (ಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಲೈಟ್ ರೆಡ್ (ಮಣ್ಣಿನ ಕೆಂಪು), ಪ್ರಶ್ಯನ್ ಬ್ಲೂ (ಗಾಢ ನೀಲಿ), ಇಂಡಿಗೊ (ಕಪ್ಪು ನೀಲಿ). ‘ಹ್ಯೂ’ ಅಂದರೆ ಮೂಲ ವಸ್ತು ಬಿಟ್ಟು, ಅದೇ ಛಾಯೆ ಬರುವಂತೆ ಬೇರೆ ವಸ್ತುಗಳಿಂದ ಮಾಡಿದ್ದು. ಟ್ಯೂಬಿನ ಹಸಿರು ಬೇಡ, ಬಿಳಿಯೂ ಬೇಡ. ಡಬ್ಬಿಯಲ್ಲಿ ಇದ್ದರೆ ಎತ್ತಿ ಆಚೆ ಇಡಿ. ಕಣ್ಣಿಗೆ ಬಿದ್ದರೆ ಕೈ ಹೋಗುತ್ತದೆ.

ಮಿಕ್ಕದ್ದು: 12, 8 ಮತ್ತು 4ನೇ ನಂಬರಿನ ದುಂಡು ಬ್ರಷ್‌ಗಳು, ಒಂದು ಇಂಚಿನ ಚಪ್ಪಟೆ ಬ್ರಷ್, ಎರಡು ಡಬ್ಬಿ ನೀರು, ನಾಲ್ಕೈದು ಚಿಕ್ಕ ಪಿಂಗಾಣಿ ಬಟ್ಟಲು, ಎಚ್‌ಬಿ ಪೆನ್ಸಿಲ್, ಹಳೆಯ ಹತ್ತಿಬಟ್ಟೆ, ಪ್ಲೈವುಡ್ ಹಲಗೆ. ಹಾಳೆಯನ್ನು ನಾಲ್ಕೂ ಕಡೆ ಕ್ಲಿಪ್ ಹಾಕಿ ಹಲಗೆಗೆ ಕೂರಿಸಿದರೆ ಈ ಅಳತೆಗೆ ನಡೆಯುತ್ತದೆ. ಹಾಳೆ ಸುಕ್ಕಾಗದಂತೆ ಮೊದಲೇ ನೆನೆಸಿ ಟೇಪ್ ಹಚ್ಚುವ ಆಸೆ ಇದ್ದರೆ ನೀರು ತಾಗಿಸಿ ಅಂಟಿಸುವ ಕಾಗದದ ಗಮ್ ಟೇಪ್ ಕೇಳಿ. ಅಂಗಡಿಯಲ್ಲಿ ಬರೀ “ಬ್ರೌನ್ ಟೇಪ್” ಅಂದರೆ ಪಾರ್ಸೆಲ್‌ಗೆ ಸುತ್ತುವ ಪ್ಲಾಸ್ಟಿಕ್ ಟೇಪ್ ಕೊಡುತ್ತಾರೆ. ಒದ್ದೆ ಹಾಳೆಗೆ ಅದು ಅಂಟುವುದೇ ಇಲ್ಲ.

ಇನ್ನು ಮೂಲ ಚಿತ್ರ. ಬ್ರಿಟಿಷ್ ಮ್ಯೂಸಿಯಂ ತನ್ನ ಸಂಗ್ರಹದ ಚಿತ್ರಗಳನ್ನು ಆನ್‌ಲೈನಿನಲ್ಲಿ ಇಟ್ಟಿದೆ. ವ್ಯಾಪಾರಕ್ಕಲ್ಲದ ಬಳಕೆಗೆ ಅಡ್ಡಿಯಿಲ್ಲ. ಅಲ್ಲಿಂದಲೇ ಇಳಿಸಿಕೊಳ್ಳಿ. ಎಲ್ಲೆಲ್ಲೋ ಸಿಗುವ ಪ್ರತಿಗಳಲ್ಲಿ ಬಣ್ಣ ಮಿತಿಮೀರಿ ಏರಿಸಿರುತ್ತಾರೆ. ಫೋನಿನ ಪರದೆ ಸಾಲದು. ಎ4 ಅಳತೆಯಲ್ಲಿ ಒಂದು ಒಳ್ಳೆಯ ಪ್ರಿಂಟ್ ಹಾಕಿಸಿಕೊಳ್ಳಿ.

ಹಂತ 1: ಬಣ್ಣ ಮರೆತು ಕಪ್ಪು-ಬಿಳುಪು ನೋಡಿ

ಪ್ರಿಂಟಿನ ಫೋಟೋ ತೆಗೆದು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ. ಈಗ ಕಾಣುವುದು ‘ಟೋನ್’, ಅಂದರೆ ಯಾವ ಭಾಗ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು. ಅದನ್ನು ನಾಲ್ಕು ಮಟ್ಟಕ್ಕೆ ಇಳಿಸಿ: ಹಾಳೆಯ ಬಿಳಿ, ತಿಳಿ, ನಡುವಿನದು, ಗಾಢ. ಅಂಗೈಯಗಲದ ಒಂದು ಚೌಕದಲ್ಲಿ ಪೆನ್ಸಿಲ್‌ನಿಂದ ಈ ನಾಲ್ಕನ್ನೇ ತುಂಬಿ.

ಮಾಡುತ್ತಾ ಹೋದಂತೆ ಒಂದು ವಿಷಯ ಹೊಳೆಯುತ್ತದೆ. ಸೇತುವೆ ಬೆಳ್ಳಗೆ ಕಾಣುವುದು ಅದಕ್ಕೆ ಬಿಳಿ ಬಣ್ಣ ಹಚ್ಚಿದ್ದಾನೆ ಅಂತಲ್ಲ, ಅದರ ಸುತ್ತ ಗಾಢ ಮರಗಳಿವೆ ಅಂತ. ಮುಂದಿನ ಕೆಲಸವೆಲ್ಲ ನಿಂತಿರುವುದು ಇದರ ಮೇಲೆ. ಈ ಹಂತ ಹಾರಿಸಿದವರು ಮರ ತಿಳಿಯಾಗಿ ಮಾಡಿ, ಸೇತುವೆ ಮಂಕಾಯಿತು ಅಂತ ಆಮೇಲೆ ಗೋಳಾಡುತ್ತಾರೆ.

ಹಂತ 2: ರೇಖೆ

ಪ್ರಿಂಟಿನ ಮೇಲೂ ಹಾಳೆಯ ಮೇಲೂ ಅಷ್ಟಷ್ಟೇ ಚೌಕಗಳನ್ನು ತೆಳುವಾಗಿ ಎಳೆದು ನಕಲು ಮಾಡಿಕೊಳ್ಳಿ. ಕಮಾನಿನ ಅಗಲ ಎಷ್ಟು, ಎತ್ತರ ಎಷ್ಟು ಅಂತ ಪೆನ್ಸಿಲ್ ಹಿಡಿದು ಅಳೆಯಿರಿ. ಸೇತುವೆ ಅಂದ ಕೂಡಲೇ ಕೈ ತಾನಾಗಿ ಅರ್ಧವೃತ್ತ ಎಳೆಯುತ್ತದೆ. ಇಲ್ಲಿನದು ಅದಕ್ಕಿಂತ ಮಟ್ಟಸ. ಮರಗಳಿಗೆ ಹೊರ ಅಂಚು ಮಾತ್ರ ಸಾಕು, ಒಳಗೇನೂ ಬೇಡ. ರಬ್ಬರ್ ಜೋರಾಗಿ ಉಜ್ಜಬೇಡಿ. ಉಜ್ಜಿದ ಜಾಗದಲ್ಲಿ ಸೈಜಿಂಗ್ ಕಿತ್ತು ಹೋಗಿ, ಬಣ್ಣ ಬಿದ್ದಾಗ ಅಲ್ಲಿ ಕಲೆಯಾಗುತ್ತದೆ.

ಹಂತ 3: ಸಮತಟ್ಟಾದ ವಾಶ್, ಇಡೀ ಕೆಲಸದ ಜೀವ ಇದು

‘ವಾಶ್’ ಅಂದರೆ ಬಹಳ ನೀರು ಬೆರೆಸಿದ ಬಣ್ಣದ ತೆಳು ಪದರ. ಕಾಟ್‌ಮನ್‌ನ ವಾಶ್‌ಗಳಲ್ಲಿ ಈ ತುದಿಯಿಂದ ಆ ತುದಿಗೆ ಏರುಪೇರು ಇಲ್ಲ. ಇದು ಕೈಗೆ ಬರದೆ ಮುಂದೆ ಹೋಗಬೇಡಿ. ಬೇರೆ ಹಾಳೆಯ ಮೇಲೆ ಒಂದು ವಾರ ಇದನ್ನೇ ಮಾಡಿದರೂ ನಷ್ಟವಿಲ್ಲ.

ಬಟ್ಟಲಲ್ಲಿ ಕಡಲೆಕಾಳಿನಷ್ಟು ಯೆಲ್ಲೋ ಓಕರ್‌ಗೆ ಮೂರು ಚಮಚ ನೀರು ಹಾಕಿ ಪೂರ್ತಿ ಕದಡಿ. ಬೇಕು ಅನಿಸಿದ್ದಕ್ಕಿಂತ ಎರಡು ಪಟ್ಟು ಮಾಡಿಟ್ಟುಕೊಳ್ಳಿ. ಅರ್ಧಕ್ಕೆ ಬಣ್ಣ ಮುಗಿದರೆ ಮತ್ತೆ ಅದೇ ಹದ ಸಿಗುವುದಿಲ್ಲ, ಸಿಗುವಷ್ಟರಲ್ಲಿ ಹಚ್ಚಿದ್ದು ಒಣಗಿರುತ್ತದೆ.

ಹಲಗೆಯ ಮೇಲ್ತುದಿಯ ಕೆಳಗೆ ಒಂದು ದಪ್ಪ ಪುಸ್ತಕ ಇಟ್ಟು ಓರೆ ಮಾಡಿ. 12ನೇ ನಂಬರಿನ ಬ್ರಷ್ ತುಂಬ ಬಣ್ಣ ತೆಗೆದುಕೊಂಡು, ಮೇಲ್ಗಡೆ ಎಡದಿಂದ ಬಲಕ್ಕೆ ಒಂದೇ ಎಳೆತ. ಅದರ ಕೆಳ ಅಂಚಿನುದ್ದಕ್ಕೂ ಬಣ್ಣದ ನೀರು ದಪ್ಪ ಸಾಲಾಗಿ ನಿಲ್ಲುತ್ತದೆ, ಹೊಳೆಯುತ್ತದೆ. ಮುಂದಿನ ಎಳೆತ ಆ ಸಾಲನ್ನು ತಾಕಿಯೇ ಹೋಗಬೇಕು. ಆಗ ನೀರು ತಾನಾಗಿ ಕೆಳಗಿಳಿಯುತ್ತದೆ. ಪ್ರತಿ ಎಳೆತಕ್ಕೂ ಬ್ರಷ್ ತುಂಬಿಕೊಳ್ಳಿ. ಕೊನೆಯಲ್ಲಿ ಉಳಿದ ಸಾಲನ್ನು ಹಿಂಡಿದ ಬ್ರಷ್ಷಿನ ತುದಿಯಿಂದ ಹೀರಿಸಿ.

ಈಗ ಕೈ ಕಟ್ಟಿಕೊಂಡು ಕೂರಿ. ನಿಜವಾಗಲೂ. ಅರ್ಧ ಒಣಗಿದ ವಾಶ್‌ಗೆ ಮತ್ತೆ ಒದ್ದೆ ಬ್ರಷ್ ತಾಗಿಸಿದರೆ, ಹೊಸ ನೀರು ಹಳೆಯ ಬಣ್ಣವನ್ನು ಆಚೆ ತಳ್ಳಿ, ಹೂಕೋಸಿನ ಅಂಚಿನಂಥ ಕಲೆ ಮಾಡುತ್ತದೆ. ಒಂದು ಸಲ ಬಿದ್ದರೆ ಹೋಗುವುದಿಲ್ಲ. ಓದುಗರು ಹೇಳುವ ‘ಕೆಸರು’ ಬಹಳ ಸಲ ಇದೇ. ತಪ್ಪು ಬಣ್ಣದ್ದಲ್ಲ, ಅವಸರದ್ದು.

ಒಣಗಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಹೊಳಪು ಹೋದ ಮೇಲೂ ಒಳಗೆ ತೇವ ಇರುತ್ತದೆ. ಅಂಗೈಯ ಹಿಂಭಾಗವನ್ನು ಹಾಳೆಗೆ ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಒದ್ದೆ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಕೆಲವೇ ನಿಮಿಷದಲ್ಲಿ ಒಣಗುವುದು, ಮಂಗಳೂರಿನ ಜುಲೈಯಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಹೇರ್ ಡ್ರೈಯರ್ ಬಳಸಬಹುದು, ಆದರೆ ಹೊಳಪು ಆರಿದ ಮೇಲೆ, ಒಂದಡಿ ದೂರದಿಂದ. ಮೊದಲೇ ಊದಿದರೆ ಗಾಳಿಯೇ ಬಣ್ಣವನ್ನು ಗುಡ್ಡೆ ಹಾಕುತ್ತದೆ. ತೀರಾ ಒಣಹವೆ ಇರುವ ಊರಿನವರು ಬೆಳಗಿನ ಜಾವ ಕೂರಿ, ಫ್ಯಾನ್ ಆರಿಸಿ. ಇಲ್ಲದಿದ್ದರೆ ಎರಡನೇ ಎಳೆತಕ್ಕೆ ಮೊದಲೇ ಮೊದಲನೆಯದು ಒಣಗಿ ಪಟ್ಟಿ ಪಟ್ಟಿಯಾಗುತ್ತದೆ.

ಕೈ ಪಳಗಿದ ಮೇಲೆ ನಿಜವಾದ ಹಾಳೆಗೆ ಬನ್ನಿ. ಮೋಡದ ಬೆಳ್ಳನೆಯ ಭಾಗಗಳನ್ನೂ, ಸೇತುವೆ ಮತ್ತು ಮನೆಯ ತೀರ ಬೆಳಕಿನ ಜಾಗಗಳನ್ನೂ ಬಿಟ್ಟು, ಮಿಕ್ಕೆಲ್ಲದಕ್ಕೂ ಈ ತೆಳು ಓಕರ್. ಬಿಟ್ಟ ಬಿಳಿ ಕೊನೆಯವರೆಗೂ ಬಿಳಿಯಾಗಿಯೇ ಇರಬೇಕು. ಆಮೇಲೆ ತೇಪೆ ಹಾಕಲು ಕಾಟ್‌ಮನ್ ಹತ್ತಿರ ಚೈನೀಸ್ ವೈಟ್ ಇರಲಿಲ್ಲ. ಆ ಬಿಳಿ ಮಾರುಕಟ್ಟೆಗೆ ಬಂದದ್ದೇ 1834ರಲ್ಲಿ. ಮಾಸ್ಕಿಂಗ್ ಫ್ಲೂಯಿಡ್, ಅಂದರೆ ಬಣ್ಣ ತಾಗದಂತೆ ಹಚ್ಚಿ ಆಮೇಲೆ ಕೀಳುವ ರಬ್ಬರಿನಂಥ ದ್ರವ, ಅದೂ ಬೇಡ. ಕೈಕಾಗದದಿಂದ ಕೀಳುವಾಗ ಪದರವೇ ಎದ್ದು ಬರುತ್ತದೆ.

ಹಂತ 4: ಆಕಾಶ

ಪ್ರಶ್ಯನ್ ಬ್ಲೂ ಬಹಳ ತೆಳುವಾಗಿ, ಅದಕ್ಕೆ ಲೈಟ್ ರೆಡ್ ಸೋಕಿಸಿದಷ್ಟು. ಒಣ ಹಾಳೆಯ ಮೇಲೆ ಮೋಡದ ಅಂಚು ಹಿಡಿದು ನೀಲಿ ಹಚ್ಚಿ, ಮೋಡವನ್ನು ಹಾಗೇ ಬಿಡಿ. ಒದ್ದೆ ಹಾಳೆಯಲ್ಲಿ ಹರಡಿಸಿ ಮೆತ್ತಗೆ ಮಾಡುವ ಆಸೆ ಬರುತ್ತದೆ. ತಡೆದುಕೊಳ್ಳಿ. ಈ ಚಿತ್ರದ ಮೋಡಗಳಿಗೆ ಗಟ್ಟಿ ಅಂಚಿದೆ.

ಇಲ್ಲೇ ಒಂದು ಎಚ್ಚರಿಕೆ, ಮುಂದೆ ಗರ್ಟಿನ್‌ನ ಚಿತ್ರ ಕೈಗೆತ್ತಿಕೊಳ್ಳುವವರಿಗೆ. ಆ ಕಾಲದ ಇಂಡಿಗೊ ನೀಲಿ ಗಿಡದಿಂದಲೇ ಬರುತ್ತಿತ್ತು. ಬಂಗಾಳದಿಂದ ಹಡಗು ಹಡಗು ಇಂಡಿಗೊ ಇಂಗ್ಲೆಂಡಿಗೆ ಹೋಗುತ್ತಿದ್ದ ಕಾಲ ಅದು. ಬೆಳಕಿಗೆ ಅದು ಮಾಸುತ್ತದೆ. ಅದರ ಜೊತೆ ಬೆರೆಸಿದ ಮಣ್ಣಿನ ಕೆಂಪು ಮಾಸುವುದಿಲ್ಲ. ಹಾಗಾಗಿ ಒಮ್ಮೆ ಬೂದು ನೀಲಿಯಾಗಿದ್ದ ಎಷ್ಟೋ ಆಕಾಶಗಳು ಇವತ್ತು ನಸುಗೆಂಪಗೆ ಕಾಣುತ್ತವೆ. ಅದನ್ನು ಸಂಜೆ ಅಂದುಕೊಂಡು ನಕಲು ಮಾಡಿದರೆ ಚಿತ್ರಕಾರ ಮಾಡಿದ್ದನ್ನಲ್ಲ, ಬಿಸಿಲು ಮಾಡಿದ್ದನ್ನು ನಕಲು ಮಾಡಿದಂತೆ. ಈಗಿನ ಟ್ಯೂಬ್ ಇಂಡಿಗೊ ಸಾಮಾನ್ಯವಾಗಿ ಬೇರೆ ಬಣ್ಣಗಳ ಮಿಶ್ರಣ. ಆದರೂ ಬಾಳಿಕೆ ಎಷ್ಟು ಅಂತ ಟ್ಯೂಬಿನ ಮೇಲೆ ನೋಡಿಯೇ ಕೊಳ್ಳಿ.

ಹಂತ 5: ಸೇತುವೆ, ಮನೆ, ದೂರದ ನೆಲ

ಸೇತುವೆಗೆ ಹೊಸ ಬಣ್ಣ ಹೆಚ್ಚೇನೂ ಬೇಡ. ಮೊದಲ ಓಕರ್ ಅದರ ಬಿಸಿಲು. ನೆರಳಿನ ಭಾಗಕ್ಕೆ ಲೈಟ್ ರೆಡ್ ಮತ್ತು ಇಂಡಿಗೊ ಸೇರಿಸಿದ ಬೂದು ಬಣ್ಣ, ಒಂದೇ ಪದರ. ಕಮಾನಿನ ಒಳಗೋಡೆ ಗಾಢ. ಕಲ್ಲುಗಳ ಗೆರೆಗಳನ್ನು ಒಂದೊಂದಾಗಿ ಎಳೆಯಬೇಡಿ. ಹಾಗೆ ಮಾಡಿದರೆ ಸೇತುವೆ ಹೋಗಿ ಇಟ್ಟಿಗೆ ಗೋಡೆಯಾಗುತ್ತದೆ.

ನಮ್ಮವರು ಇಲ್ಲಿ ಸಾಮಾನ್ಯವಾಗಿ ಎಡವುವುದು ಬೆಳಕಿನ ವಿಷಯದಲ್ಲಿ. ನಮ್ಮ ಕಣ್ಣು ನೆತ್ತಿಯ ಮೇಲಿನ ಸೂರ್ಯನಿಗೆ ಒಗ್ಗಿದೆ. ಗ್ರೆಟಾ ಇರುವ ಕಡೆ ನಡುಬೇಸಿಗೆಯ ಮಧ್ಯಾಹ್ನ ಕೂಡ ಸೂರ್ಯ ಸುಮಾರು 59 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಬೆಳಕು ಪಕ್ಕದಿಂದ ಬೀಳುತ್ತದೆ, ನೆರಳು ಉದ್ದ, ಗಾಳಿಯಲ್ಲಿ ತೇವ ಜಾಸ್ತಿ. ಹಾಗಾಗಿ ದೂರದ್ದೆಲ್ಲ ಬೂದು ನೀಲಿಗೆ ತಿರುಗುತ್ತದೆ. ಮರದ ಬುಡದಲ್ಲಿ ಕಪ್ಪು ವೃತ್ತದ ಹಾಗೆ ನೆರಳು ಹಾಕಿದಿರೋ, ಚಿತ್ರ ಇಂಗ್ಲೆಂಡ್ ಬಿಟ್ಟು ದಾವಣಗೆರೆಗೆ ಬಂದುಬಿಡುತ್ತದೆ.

ಹಂತ 6: ಮರಗಳು

ಎಲೆ ಬಿಡಿಸಬೇಡಿ. ಒಂದೂ ಬೇಡ. ಪ್ರಿಂಟನ್ನು ಕಣ್ಣ ಹತ್ತಿರ ತಂದು ನೋಡಿ. ಮರ ಅಂದುಕೊಂಡದ್ದು ಬರೀ ಚಪ್ಪಟೆಯಾದ ಒಂದು ಗಾಢ ತುಂಡು. ಅದರ ಹೊರ ಅಂಚಿನ ಏರಿಳಿತದಿಂದಲೇ ಅದು ಮರವಾಗಿದೆ. ಬ್ರಷ್ಷಿನ ತುದಿಯಿಂದ ಚುಕ್ಕಿ ಚುಕ್ಕಿ ಕುಟ್ಟುವ ಅಭ್ಯಾಸ ಇದ್ದವರಿಗೆ ಈ ಹಂತ ಕಷ್ಟ.

ಎರಡು ಬಟ್ಟಲು ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಗ್ಯಾಂಬೋಜ್, ಸ್ವಲ್ಪ ಇಂಡಿಗೊ, ಚಿಟಿಕೆ ಬರ್ಂಟ್ ಸಿಯೆನ್ನಾ. ಕಂದು ಬೆರೆತ ಮಂಕು ಹಸಿರು ಬರಬೇಕು. ಗದ್ದೆ ಹಸಿರು ಬಂದರೆ ಸಿಯೆನ್ನಾ ಸಾಲಲಿಲ್ಲ ಅಂತ ಅರ್ಥ. ಎರಡನೆಯದರಲ್ಲಿ ಇಂಡಿಗೊ ಮತ್ತು ಬರ್ಂಟ್ ಸಿಯೆನ್ನಾ, ನೀರು ಕಮ್ಮಿ.

8ನೇ ನಂಬರಿನ ಬ್ರಷ್ಷಿನಿಂದ ಮೊದಲ ಬಟ್ಟಲಿನ ಬಣ್ಣವನ್ನು ಮರಗಳ ಇಡೀ ಗುಂಪಿಗೆ ಹಚ್ಚಿ. ಹೊರ ಅಂಚನ್ನು ಬ್ರಷ್ಷಿನ ತುದಿಯಿಂದ ನಿಧಾನವಾಗಿ ಕೊರೆದು, ಒಳಗಡೆ ಬಣ್ಣ ತುಂಬಿ ನಿಲ್ಲಲು ಬಿಡಿ. ಪೂರ್ತಿ ಒಣಗಲಿ. ಆಮೇಲೆ ಎರಡನೇ ಬಟ್ಟಲಿನದು, ಆದರೆ ಎಲ್ಲ ಕಡೆ ಅಲ್ಲ. ಮುಂದೆ ನಿಂತ ಪೊದೆಗಳ ಆಕಾರವನ್ನು ಬಿಟ್ಟು, ಅವುಗಳ ಹಿಂದಿನ ಜಾಗಕ್ಕೆ ಮಾತ್ರ. ಗಾಢ ಬಣ್ಣ ಬಿದ್ದ ಕೂಡಲೇ ನೀವು ಮುಟ್ಟದ ತಿಳಿ ಭಾಗ ಮುಂದಕ್ಕೆ ಬಂದು ಪೊದೆಯಾಗಿ ನಿಲ್ಲುತ್ತದೆ. ಇದಕ್ಕೆ ‘ನೆಗೆಟಿವ್ ಪೇಂಟಿಂಗ್’ ಅನ್ನುತ್ತಾರೆ: ವಸ್ತುವನ್ನಲ್ಲ, ಅದರ ಹಿಂದಿನದನ್ನು ಬಿಡಿಸುವುದು. ಅದು ಕೈಗೂಡಿದ ಗಳಿಗೆಯ ಖುಷಿಯೇ ಬೇರೆ. ಮೂರನೇ ಪದರ ಬೇಕಾದರೆ ಮರಗಳ ನಡುವಿನ ಸಂದುಗಳಿಗೆ ಮಾತ್ರ. ನಾಲ್ಕನೆಯದಕ್ಕೆ ಕೈ ಹಾಕಬೇಡಿ. ಹಾಳೆಯ ಬೆಳಕು ಅಲ್ಲಿಗೆ ಸತ್ತುಹೋಗುತ್ತದೆ.

ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ ಅನ್ನುವುದು ನೆನಪಿರಲಿ. ಹಚ್ಚುವಾಗ “ಅಯ್ಯೋ, ಜಾಸ್ತಿ ಗಾಢ ಆಯ್ತು” ಅನ್ನಿಸಬೇಕು. ಹಾಗನ್ನಿಸದಿದ್ದರೆ ಒಣಗಿದ ಮೇಲೆ ಸಪ್ಪೆ ಅಂತಲೇ ಲೆಕ್ಕ.

ಹಂತ 7: ನೀರು ಮತ್ತು ಬಂಡೆ

ನದಿ ಅಂದರೆ ಅಲೆ ಗೆರೆ ಎಳೆಯುವುದು ಶಾಲೆಯಿಂದ ಬಂದ ಚಾಳಿ. ಇಲ್ಲಿನ ನೀರು ನಿಂತಂತಿದೆ. ಮೇಲಿರುವುದರ ಬಿಂಬವನ್ನೇ ಕೆಳಗೆ ತಲೆಕೆಳಗಾಗಿ ಹಚ್ಚಿ. ಬೆಳ್ಳನೆಯ ವಸ್ತುವಿನ ಬಿಂಬ ಒಂದು ಮಟ್ಟ ಗಾಢ, ಗಾಢ ವಸ್ತುವಿನ ಬಿಂಬ ಒಂದು ಮಟ್ಟ ತಿಳಿ. ಆ ಬೆಟ್ಟಸೀಮೆಯ ನದಿಗಳು ಕೊಳೆತ ಪಾಚಿಯ ನೆಲದಿಂದ ಹರಿದು ಬರುವುದರಿಂದ ನೀರಿಗೆ ಕಂದು ಛಾಯೆ ಇರುತ್ತದೆ. ನೀಲಿ ಹಾಕಿ ತುಂಬಿಸಬೇಡಿ. ಬಂಡೆಗಳಿಗೆ ಎರಡೇ ಟೋನ್: ಮೇಲ್ಭಾಗ ಮೊದಲ ಓಕರ್, ಪಕ್ಕ ಬೂದು.

ಹಂತ 8: ತಿದ್ದುವುದು, ನಿಲ್ಲಿಸುವುದು

ಮಾರನೆಯ ದಿನ ಚಿತ್ರವನ್ನು ಗೋಡೆಗೆ ಒರಗಿಸಿ, ಆರೇಳು ಅಡಿ ಹಿಂದೆ ಸರಿದು ನೋಡಿ. ಬೆಳಕು ಎಲ್ಲಾದರೂ ಮುಚ್ಚಿಹೋಗಿದ್ದರೆ ಹಳೆಯ ವಿಧಾನ ಒಂದಿದೆ. ಆ ಜಾಗವನ್ನಷ್ಟೇ ಬ್ರಷ್ಷಿನಿಂದ ಒದ್ದೆ ಮಾಡಿ, ಬಟ್ಟೆಯಿಂದ ಒತ್ತಿ ತೆಗೆದು, ಒಣ ಬ್ರೆಡ್ಡಿನ ತಿರುಳಿನಿಂದ ಉಜ್ಜುವುದು. ಗರ್ಟಿನ್, ಟರ್ನರ್ ಕಾಲದವರು ಬ್ರೆಡ್ಡನ್ನೇ ಬಳಸುತ್ತಿದ್ದರು. ಆದರೆ ಕಾಟ್‌ಮನ್‌ನ ನಕಲಿನಲ್ಲಿ ಇದು ಒಂದೆರಡು ಕಡೆಗಿಂತ ಹೆಚ್ಚು ಬೇಕಾದರೆ, ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಮಾಡುವುದೇ ಬೇಗ ಮುಗಿಯುವ ದಾರಿ. ಕೆಡುವುದು ಹೆಚ್ಚಾಗಿ ಇನ್ನೇನು ಮುಗಿಯಿತು ಅನ್ನುವಾಗಲೇ. “ಇಲ್ಲೊಂದು ಚೂರು” ಅನ್ನಿಸಿದಾಗ ಬ್ರಷ್ ತೊಳೆದಿಡಿ.

ಮುಗಿದ ಮೇಲೆ

ಹಾಳೆಯ ಹಿಂದೆ ಪೆನ್ಸಿಲ್‌ನಿಂದ “ಕಾಟ್‌ಮನ್‌ನ ‘ಗ್ರೆಟಾ ಸೇತುವೆ’ಯ ನಕಲು” ಅಂತ ಬರೆದು, ನಿಮ್ಮ ಹೆಸರು, ತಾರೀಖು ಹಾಕಿ. ಮುಂದೆ ಯಾರಾದರೂ ಅದನ್ನು ನಿಮ್ಮದೇ ಕಲ್ಪನೆ ಅಂದುಕೊಳ್ಳಬಾರದು. ಫ್ರೇಮ್ ಹಾಕಿಸುವಾಗ ಗಾಜು ಹಾಳೆಗೆ ತಾಗದಂತೆ ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಕೇಳಿ. ಗಾಜಿಗೆ ಅಂಟಿದ ಹಾಳೆಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಇಂಗ್ಲೆಂಡಿನಲ್ಲಿರುವ ಓದುಗರಿಗೆ ಒಂದು ಮಾತು. ಇಂಥ ಚಿತ್ರಗಳನ್ನು ಬೆಳಕಿನ ಭಯಕ್ಕೆ ವರ್ಷವಿಡೀ ಗೋಡೆಗೆ ಹಾಕಿಡುವುದಿಲ್ಲ. ಆದರೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಮುದ್ರಣ ಮತ್ತು ರೇಖಾಚಿತ್ರಗಳ ಅಧ್ಯಯನ ಕೊಠಡಿ ಇದೆ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋದರೆ ಮೂಲವನ್ನೇ ಮೇಜಿನ ಮೇಲೆ ಇಟ್ಟು ನೋಡಬಹುದು. ಕಾಟ್‌ಮನ್ 1810ರಲ್ಲಿ ಇದೇ ಸೇತುವೆಯನ್ನು ಮತ್ತೊಮ್ಮೆ ಮಾಡಿದ. ಅದು ನಾರಿಚ್ ಕ್ಯಾಸಲ್ ಮ್ಯೂಸಿಯಮ್ಮಿನಲ್ಲಿದೆ. ಎರಡರ ಪ್ರಿಂಟನ್ನೂ ಅಕ್ಕಪಕ್ಕ ಇಟ್ಟುಕೊಂಡು ಏನನ್ನು ಬದಲಿಸಿದ್ದಾನೆ ಅಂತ ಹುಡುಕಿ. ನಿಮ್ಮ ಎರಡನೇ ನಕಲಿಗೆ ಅದನ್ನೇ ತೆಗೆದುಕೊಳ್ಳಬಹುದು. ಟರ್ನರ್ ಅದಾದ ಮೇಲೆ.